ರಬ್ಬರ್ ಹಕ್ಕಿ ರೆಕ್ಕೆ ಬಡಿಯುತ್ತೆ, ಹಾರಲ್ಲ. ಯಾಕೆ?

ಹಾಸನದ ಮೇಷ್ಟ್ರು: 1870ರ ದಶಕದಲ್ಲಿ ಫ್ರಾನ್ಸಿನ ಪೆನೋ ಮಾಡಿದಂಥ ರಬ್ಬರ್ ಹಕ್ಕಿಯನ್ನು (ತಿರುಚಿದ ರಬ್ಬರ್ ಬ್ಯಾಂಡ್ ಬಿಚ್ಚಿಕೊಳ್ಳುವ ಬಲಕ್ಕೆ ರೆಕ್ಕೆ ಬಡಿಯೋ ಆಟಿಕೆ) ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳ ಕೈಲಿ ಮಾಡಿಸ್ತಿದ್ದೀವಿ. ರೆಕ್ಕೆ ತುದಿಯಿಂದ ತುದಿಗೆ 40 ಸೆಂ.ಮೀ., ಬಿದಿರಿನ ಕಡ್ಡಿ, ತೆಳು ಪ್ಲಾಸ್ಟಿಕ್ ಹಾಳೆ. ಜೋರಾಗಿ ಬಡಿಯುತ್ತೆ, ಮುಂದೆ ಹೋಗಲ್ಲ, ಮೂತಿ ಕೆಳಗಾಗಿ ಬೀಳುತ್ತೆ. ರೆಕ್ಕೆ ಸುತ್ತ ನಾಲ್ಕೂ ಕಡೆ ಕಡ್ಡಿ ಕಟ್ಟಿದ್ದೀವಿ.

ಬಿದಿರುಕಡ್ಡಿ: ಆ ಹಿಂದಿನ ಕಡ್ಡಿಯೇ ತಪ್ಪು ಸರ್, ಬಿಚ್ಚಿಬಿಡಿ. ಮುಂದಿನ ಅಂಚು ಮಾತ್ರ ಗಟ್ಟಿ ಇರಲಿ, ಹಾಳೆ ಸ್ವಲ್ಪ ಸಡಿಲವಾಗಿರಲಿ. ರೆಕ್ಕೆ ಕೆಳಗಿಳಿದಾಗ ಹಿಂದಿನ ಅಂಚು ತಡವಾಗಿ ಬಂದು ಹಾಳೆ ತಿರುಚಿಕೊಳ್ಳುತ್ತೆ, ಗಾಳಿ ಹಿಂದಕ್ಕೆ ಹೋಗುತ್ತೆ. ಮುಂದಕ್ಕೆ ತಳ್ಳೋದು ಅದೇ. ಬಾಲವನ್ನು 10ರಿಂದ 15 ಡಿಗ್ರಿ ಮೇಲಕ್ಕೆ ಬಗ್ಗಿಸಿ, ಮೂತಿ ಎದ್ದೀತು.

ಚಿಕ್ಕಮಗಳೂರು ಮಾಡೆಲರ್: ಕ್ರ್ಯಾಂಕ್, ಅಂದರೆ ರಬ್ಬರಿನ ಜೊತೆ ತಿರುಗಿ ರೆಕ್ಕೆಗಳನ್ನು ಮೇಲೆ ಕೆಳಗೆ ಆಡಿಸೋ ಬಾಗಿದ ತಂತಿ, ಅದನ್ನೂ ನೋಡಿ. ಒಂದೇ ಬಾಗಿಗೆ ಎರಡೂ ರೆಕ್ಕೆ ಸಿಕ್ಕಿಸಿದರೆ ಒಂದು ಮೊದಲು, ಇನ್ನೊಂದು ಆಮೇಲೆ ಏಳುತ್ತೆ, ಹಕ್ಕಿ ಪಕ್ಕಕ್ಕೆ ವಾಲುತ್ತೆ. 1 ಮಿ.ಮೀ. ಉಕ್ಕಿನ ತಂತಿಯಲ್ಲಿ ಎರಡು ಬಾಗು ಮಾಡಿ, ತಿರುಗುವಾಗ ಒಂದು ಇನ್ನೊಂದಕ್ಕಿಂತ ತುಸು ಹಿಂದೆ ಬರೋ ಹಾಗಿಡಿ. ತಂತಿ ಮತ್ತು ಮೂತಿಯ ನಡುವೆ ಮಣಿ ಹಾಕದಿದ್ದರೆ ರಬ್ಬರಿನ ಎಳೆತಕ್ಕೆ ಉಜ್ಜಿ ನಿಲ್ಲುತ್ತೆ. ಹಾರಿಸೋದು ಒಳಾಂಗಣದಲ್ಲೇ. ಇಲ್ಲಿನ ಬೆಟ್ಟದ ಗಾಳಿಗೆ ಇಷ್ಟು ಹಗುರದ್ದು ತಡೆಯಲ್ಲ.

ಬಿದಿರುಕಡ್ಡಿ: ಮಕ್ಕಳಿಗೆ ಇದನ್ನೂ ಹೇಳಿ: ಮನುಷ್ಯನ ಸ್ನಾಯುಬಲ ಹಕ್ಕಿಯಂತೆ ಹಾರಲು ಸಾಲದು ಅಂತ ಇಟಲಿಯ ವಿಜ್ಞಾನಿ ಬೊರೆಲ್ಲಿ 1680ರಲ್ಲಿ ಪ್ರಕಟವಾದ ಪುಸ್ತಕದಲ್ಲೇ ಬರೆದಿದ್ದ. ಎತ್ತುವ ಕೆಲಸ ಬೇರೆ, ತಳ್ಳುವ ಕೆಲಸ ಬೇರೆ ಅಂತ ಇಂಗ್ಲೆಂಡಿನ ಜಾರ್ಜ್ ಕೇಲಿ 1799ರಲ್ಲಿ ಬಿಡಿಸಿ ತೋರಿಸಿದ. ರೆಕ್ಕೆ ಸ್ಥಿರವಾಗಿರುವ ವಿಮಾನದ ದಾರಿ ಅಲ್ಲಿಂದ ತೆರೀತು.