ದತ್ತು ಬಂದು ಬೆಳೆದವರನ್ನು ಏನಂತ ಕೇಳಬೇಕು?

ಪ್ರಶ್ನೆ: ನಾನು ಅಮೆರಿಕದ ಮಿನೆಸೋಟಾದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ. ಕೊರಿಯಾದಿಂದ ಇಲ್ಲಿನ ಬಿಳಿಯರ ಮನೆಗಳಿಗೆ ದತ್ತು ಬಂದು ಬೆಳೆದವರನ್ನು ಮುಂದಿನ ತಿಂಗಳಿಂದ ಸಂದರ್ಶಿಸಬೇಕು. ಗುರುತು ಮತ್ತು ಮಾನಸಿಕ ಆರೋಗ್ಯ ನನ್ನ ವಿಷಯ. ಇಂಥ ಕೆಲಸ ಮಾಡಿದವರು ಎಲ್ಲಿ ಎಡವಿದಿರಿ ಅಂತ ಹೇಳ್ತೀರಾ?

ಉತ್ತರ 1: ನಾನು ಮೊದಲ ಸಂದರ್ಶನದಲ್ಲೇ ಎಡವಿದೆ. ಮಾತು ಶುರು ಮಾಡೋಣ ಅಂತ ‘ಮೂಲತಃ ಯಾವೂರು?’ ಅಂದುಬಿಟ್ಟೆ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಹಾಗೆ ಕೇಳುವ ಜನ ನಾವು. ಆಕೆ ನಕ್ಕು, ‘ಚಿಕ್ಕಂದಿನಿಂದ ಎಲ್ಲರೂ ಇದನ್ನೇ ಕೇಳ್ತಾರೆ. ಇದೇ ಊರು ಅಂದ್ರೆ ನಂಬಲ್ಲ’ ಅಂದರು. ಮುಂದಿನ ಅರ್ಧ ಗಂಟೆ ಹೌದು, ಇಲ್ಲ ಅಷ್ಟೇ.

ನಿಮ್ಮ ಮಿನೆಸೋಟಾದವರೇ ಆದ ಮನಶ್ಶಾಸ್ತ್ರಜ್ಞ ರಿಚರ್ಡ್ ಲೀ 2003ರಲ್ಲಿ ಈ ಇಕ್ಕಟ್ಟಿನ ಬಗ್ಗೆ ಬರೆದಿದ್ದಾರೆ. ಮನೆಯೊಳಗೆ ಬಿಳಿಯರ ಮಗು, ಬೀದಿಗೆ ಬಂದರೆ ಏಷ್ಯಾದವಳು. ಅದನ್ನು ಮೊದಲು ಓದಿ. ಇನ್ನೊಂದು, ಅಪ್ಪ ಅಮ್ಮನನ್ನು ಮಾತ್ರ ಕೇಳಿ ಮುಗಿಸಬೇಡಿ. ಶಾಲೆಯಲ್ಲಿ ಕಣ್ಣು ಎಳೆದು ಅಣಕಿಸಿದ್ದನ್ನು ಎಷ್ಟೋ ಮಕ್ಕಳು ಮನೆಯಲ್ಲಿ ಹೇಳಿಯೇ ಇರುವುದಿಲ್ಲ. ಜೇರನ್ ಕಿಮ್ ಅವರಂತೆ ತಾವೇ ದತ್ತು ಬಂದು ಬೆಳೆದ ಸಂಶೋಧಕರ ಬರಹಗಳೂ ಇವೆ. ಅವರು ಕೇಳುವ ಪ್ರಶ್ನೆಗಳೇ ಬೇರೆ.

ಉತ್ತರ 2: ಸ್ವೀಡನ್‌ನಿಂದ. ಅಂಕಿಗಳ ಬಗ್ಗೆ ಒಂದು ಮಾತು. 2002ರಲ್ಲಿ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಲ್ಲಿನ ಅಧ್ಯಯನದಲ್ಲಿ, ಹೊರದೇಶಗಳಿಂದ ದತ್ತು ಬಂದ 11,320 ಜನರ ದಾಖಲೆ ನೋಡಿದ್ದರು. ಆತ್ಮಹತ್ಯೆಯ ಸಾಧ್ಯತೆ ಇಲ್ಲಿ ಹುಟ್ಟಿದವರಿಗಿಂತ ಮೂರೂವರೆ ಪಟ್ಟು ಜಾಸ್ತಿ ಕಂಡಿತು. ಎಲ್ಲರೂ ಎತ್ತಿ ಹೇಳುವುದು ಇಷ್ಟನ್ನೇ. ಹೆಚ್ಚಿನವರಿಗೆ ಅಂಥ ದೊಡ್ಡ ತೊಂದರೆ ಇರಲಿಲ್ಲ ಅನ್ನುವುದೂ ಅದರಲ್ಲೇ ಇದೆ, ಅದನ್ನು ಯಾರೂ ಹೇಳಲ್ಲ. ಕಾರಣ ಬಣ್ಣವೋ, ದತ್ತುವಿಗೆ ಮೊದಲು ಮಗು ಪಟ್ಟ ಪಾಡೋ ಅಂತ ದಾಖಲೆ ನೋಡಿ ಬಿಡಿಸುವುದು ಕಷ್ಟ. ನೀವು ಮಾತಾಡಿಸುವುದರಿಂದ ಉಪಯೋಗ ಇರುವುದೇ ಅಲ್ಲಿ.

ಹಾಂ, ಸಂದರ್ಶನ ನಡುವೆ ನಿಲ್ಲಿಸಬಹುದು ಅಂತ ಮೊದಲೇ ಹೇಳಿ. ಆಪ್ತಸಲಹೆಗಾರರ ನಂಬರ್ ಕೈಯಲ್ಲಿರಲಿ. ನನಗೆ ಎರಡು ಸಲ ಬೇಕಾಯಿತು.

ಉತ್ತರ 3: ನಾನು ಸಂಶೋಧಕಿ ಅಲ್ಲ. ಹೆತ್ತವರನ್ನು ಹುಡುಕಿಕೊಂಡು ನೆದರ್ಲೆಂಡ್ಸ್‌ನಿಂದ ಬೆಂಗಳೂರಿಗೆ ಬಂದ ಒಬ್ಬರಿಗೆ ನಾಲ್ಕು ದಿನ ದುಭಾಷಿಯಾಗಿದ್ದೆ. ಮೊದಲ ದಿನ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ, ‘ಇಲ್ಲಿ ಯಾರೂ ನನ್ನನ್ನು ತಿರುಗಿ ನೋಡ್ತಿಲ್ಲ’ ಅಂತ ಖುಷಿಯಿಂದ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಹೂವಿನಮ್ಮ, ‘ಮೊಳ ಕೊಡ್ಲಾ ಅಕ್ಕ?’ ಅಂದಳು. ಇವರು ತಬ್ಬಿಬ್ಬಾಗಿ ಇಂಗ್ಲಿಷ್‌ನಲ್ಲಿ ಏನೋ ಅಂದರು. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಸಂಜೆ ತುಂಬ ಅತ್ತರು. ರಾತ್ರಿ ಕೇಳಿದರೆ, ‘ಇವತ್ತು ತುಂಬ ಒಳ್ಳೆಯ ದಿನ’ ಅಂದರು. ಎರಡೂ ನಿಜವೇ. ನಿಮ್ಮ ಫಾರ್ಮಿನಲ್ಲಿ ‘ಸಂತೋಷವಾಗಿದ್ದೀರಾ?’ ಅಂತ ಒಂದೇ ಚೌಕ ಇಟ್ಟರೆ ಇದನ್ನು ಎಲ್ಲಿ ಬರೆದುಕೊಳ್ಳುತ್ತೀರಿ?

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನನ್ನ ಪಟ್ಟಿಯ ಮೊದಲ ಪ್ರಶ್ನೆ ‘ನೀವು ಮೂಲತಃ ಎಲ್ಲಿಯವರು?’ ಅಂತಲೇ ಇತ್ತು. ಈಗಷ್ಟೇ ತೆಗೆದೆ. ಆ ಜಾಗಕ್ಕೆ ಏನು ಹಾಕಬೇಕೋ ಇನ್ನೂ ಹೊಳೆದಿಲ್ಲ.