ಹದಿಹರೆಯದ ಮಕ್ಕಳಿಗೆ ಹಕ್ಕು, ಕಾನೂನು ಹೇಳಿಕೊಡೋದು ಹೇಗೆ? ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಪಂಚಾಯ್ತಿಯಲ್ಲಿ ಅರಿವು ಕೇಂದ್ರ, ಅಂದರೆ ಗ್ರಾಮ ಪಂಚಾಯ್ತಿ ಗ್ರಂಥಾಲಯ, ನೋಡಿಕೊಳ್ಳುತ್ತೇನೆ. ಶನಿವಾರ ಮಧ್ಯಾಹ್ನ 8ರಿಂದ 10ನೇ ಕ್ಲಾಸಿನ ಹದಿನೈದಿಪ್ಪತ್ತು ಮಕ್ಕಳು ಬರುತ್ತಾರೆ. ಅವರಿಗೆ ಹಕ್ಕು, ಕಾನೂನು ಬಗ್ಗೆ ಏನಾದರೂ ಹೇಳಿಕೊಡೋಣ ಅಂತ ಶುರು ಮಾಡಿದೆ. ಸಂವಿಧಾನದ ಪೀಠಿಕೆ ಎಲ್ಲರಿಗೂ ಬಾಯಿಪಾಠ. ಮೂಲಭೂತ ಹಕ್ಕು ಎಷ್ಟು ಅಂದರೆ "ಆರು" ಅಂತ ಒಟ್ಟಿಗೆ ಕೂಗುತ್ತಾರೆ. ಆದರೆ "ಅಂಗಡಿಯವರು 20 ರೂಪಾಯಿ ಎಂಆರ್‌ಪಿ ಇರೋ ನೀರಿನ ಬಾಟಲಿಗೆ 25 ಕೇಳಿದರೆ ಏನು ಮಾಡ್ತೀರಿ?" ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನೂ ಕಾನೂನು ಓದಿದವಳಲ್ಲ. ಎಲ್ಲಿಂದ ಶುರು ಮಾಡಲಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ನಿವೃತ್ತ ಶಿಕ್ಷಕಿ, ಧಾರವಾಡ ಕಡೆ

ತಂಗಿ, ಸಂವಿಧಾನದಿಂದ ಶುರು ಮಾಡಬೇಡಿ. ಮಕ್ಕಳಿಗೆ ಯಾವುದರ ಮೇಲೆ ಸಿಟ್ಟಿದೆಯೋ ಅಲ್ಲಿಂದ ಶುರು ಮಾಡಿ. ಸಂವಿಧಾನ ತಾನಾಗಿ ಬರುತ್ತದೆ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ 26 ವರ್ಷ ಸಮಾಜ ವಿಜ್ಞಾನ ಹೇಳಿದವಳು. ಇದು ಅರ್ಥವಾಗಲು ನನಗೆ ಹದಿನೈದು ವರ್ಷ ಬೇಕಾಯಿತು.

ಒಂದು ವರ್ಷ 9ನೇ ಕ್ಲಾಸಿನ ಹುಡುಗಿಯರ ಸಿಟ್ಟು ಶೌಚಾಲಯದ ಮೇಲಿತ್ತು. ಕಟ್ಟಡ ಇತ್ತು, ನಲ್ಲಿ ಇತ್ತು, ನೀರು ಮಾತ್ರ ಇರಲಿಲ್ಲ. ಬೆಳಿಗ್ಗೆ ಬಂದವರು ಸಂಜೆ ಮನೆಗೆ ಹೋಗುವ ತನಕ ಒಂದು ಗುಟುಕು ನೀರು ಕುಡಿಯದೆ ಕೂತಿರುತ್ತಿದ್ದರು. ಮಾಹಿತಿ ಹಕ್ಕಿನಲ್ಲಿ ಕೇಳೋಣ ಅಂದೆ. ಆ ಕಾಯ್ದೆ 2005ರದ್ದು. ಅದರಲ್ಲಿ ವಯಸ್ಸಿನ ಮಿತಿ ಇಲ್ಲ, "ನಾಗರಿಕ" ಅಂತ ಅಷ್ಟೇ ಇದೆ. ಯಾಕೆ ಕೇಳುತ್ತೀರಿ ಅಂತ ಕಾರಣ ಕೊಡಬೇಕಾಗಿಯೂ ಇಲ್ಲ. ಈ ಎರಡು ಮಾತು ಕೇಳಿ ಮಕ್ಕಳು ನೆಟ್ಟಗೆ ಕೂತರು. ನಾವೂ ನಾಗರಿಕರಾ ಟೀಚರ್ ಅಂತ ಒಬ್ಬಳು ಕೇಳಿದಳು. ವೋಟು ಬಂದ ಮೇಲೆ ನಾಗರಿಕರಾಗೋದು ಅಂತ ಆಕೆ ತಿಳಿದಿದ್ದಳು.

ಅವರು ಬರೆದ ಮೊದಲ ಅರ್ಜಿ ಎರಡೂವರೆ ಪುಟ. "ನಮ್ಮ ಶೌಚಾಲಯದಲ್ಲಿ ಯಾಕೆ ನೀರಿಲ್ಲ? ನಿಮ್ಮ ಮನೆ ಮಕ್ಕಳಿಗೆ ಹೀಗಾದರೆ ಸುಮ್ಮನಿರುತ್ತೀರಾ?" ಅಂತ. ಓದಿ ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳ ಒಳಗೆ. ಇನ್ನೊಂದು, "ಯಾಕೆ" ಅಂದರೆ ಅಧಿಕಾರಿ ಉತ್ತರ ಕೊಡಬೇಕಾಗಿಲ್ಲ. ಅವರು ಕೊಡಬೇಕಾದ್ದು ದಾಖಲೆ. ಹಾಗಾದರೆ ಯಾವ ದಾಖಲೆ ಕೇಳಬೇಕು? ಈ ಒಂದು ಪ್ರಶ್ನೆಗೆ ನಾಲ್ಕು ಪೀರಿಯಡ್ ಹೋಯಿತು. ನೀರು ಬರಬೇಕಾದರೆ ಮೋಟರ್ ನಡೆಯಬೇಕು, ಮೋಟರ್ ರಿಪೇರಿಗೆ ದುಡ್ಡು ಬೇಕು, ದುಡ್ಡು ಮಂಜೂರು ಮಾಡುವವರು ಯಾರು, ಖರ್ಚು ಬರೆದಿಡುವುದು ಯಾವ ಪುಸ್ತಕದಲ್ಲಿ. ಸ್ಥಳೀಯ ಆಡಳಿತದ ಪಾಠವನ್ನು ನಾನು ಎಂದೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಕೊನೆಗೆ ಅರ್ಜಿ ಆರು ಸಾಲಿಗೆ ಇಳಿಯಿತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತರಲು ಐದು ಹುಡುಗಿಯರು ಪೋಸ್ಟಾಫೀಸಿಗೆ ಹೋದರು. ರಿಜಿಸ್ಟರ್ ರಸೀದಿಯನ್ನು ಪಠ್ಯಪುಸ್ತಕದ ಒಳರಟ್ಟಿಗೆ ಅಂಟಿಸಿಕೊಂಡರು.

ಉತ್ತರಕ್ಕೆ 30 ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಹಾಕುತ್ತಿದ್ದರು. 27ನೇ ದಿನ ಲಕೋಟೆ ಬಂತು. ದುಡ್ಡು ಮಂಜೂರಾಗಿತ್ತು. ಕೊಟೇಶನ್ನಿಗೆ ಒಂದು ಸಹಿ ಬಾಕಿ ಅಂತ ಏಳು ತಿಂಗಳಿಂದ ಹಾಗೇ ಬಿದ್ದಿತ್ತು. ಮುಂದಿನ ತಿಂಗಳು ನೀರು ಬಂತು. ಆಮೇಲೆ ನಾನು 19ನೇ ವಿಧಿ ತೆಗೆದೆ. ಮಾತಾಡುವ ಹಕ್ಕಿನೊಳಗೇ ತಿಳಿಯುವ ಹಕ್ಕೂ ಇದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಓದಿದೆ. ಆ ದಿನ ಯಾರೂ ಆಕಳಿಸಲಿಲ್ಲ.

ಸೋತಿದ್ದನ್ನೂ ಹೇಳುತ್ತೇನೆ. ಮರುವರ್ಷ ಊರ ರಸ್ತೆ ಬಗ್ಗೆ ಅರ್ಜಿ ಹಾಕಿದೆವು. ಉತ್ತರ ಬರಲಿಲ್ಲ. ಮೇಲ್ಮನವಿ ಹಾಕುವಷ್ಟರಲ್ಲಿ ಪರೀಕ್ಷೆ ಬಂತು, ಮಕ್ಕಳು ಸಪ್ಪಗಾದರು. ದೊಡ್ಡ ವಿಷಯ ಎತ್ತಿಕೊಂಡದ್ದು ನನ್ನ ತಪ್ಪು. ಎರಡು ಮೂರು ತಿಂಗಳಲ್ಲಿ ಮುಗಿಯುವಂಥದ್ದನ್ನು ಆರಿಸಿ. ಒಂದು ಸಲವಾದರೂ ಶುರುವಿನಿಂದ ಕೊನೆಯವರೆಗೆ ಅವರ ಕೈಯಾರೆ ಆಗಬೇಕು.

ವಕೀಲೆ, ಮೈಸೂರು

ಮೇಡಂ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಕಾನೂನು ಅರಿವು ಶಿಬಿರಗಳಿಗೆ ಹೋಗಿ ಸೆಕ್ಷನ್ ನಂಬರ್ ಒದರುವುದನ್ನು ನಾನು ಬಿಟ್ಟು ತುಂಬಾ ದಿನವಾಯಿತು. ಈಗ ಒಂದು ಕೇಸಿನ ಕಥೆ ಹೇಳುತ್ತೇನೆ, ತೀರ್ಪು ಹೇಳುವುದಿಲ್ಲ.

ಕೇರಳದ ಒಂದು ಶಾಲೆ. ಮೂವರು ಒಡಹುಟ್ಟಿದ ಮಕ್ಕಳು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಾರೆ, ಗೌರವವಾಗಿ ನಿಲ್ಲುತ್ತಾರೆ, ಆದರೆ ಹಾಡುವುದಿಲ್ಲ. ತಮ್ಮ ಧರ್ಮ ಒಪ್ಪುವುದಿಲ್ಲ ಅನ್ನುತ್ತಾರೆ. 1985ರಲ್ಲಿ ಶಾಲೆಯಿಂದ ತೆಗೆದರು. ಸರಿಯಾ ತಪ್ಪಾ? ಮಕ್ಕಳನ್ನು ಎರಡು ಗುಂಪು ಮಾಡಿ ವಾದ ಮಾಡಿಸಿ, ಅರ್ಧ ಗಂಟೆಯಾದ ಮೇಲೆ ಗುಂಪು ಅದಲುಬದಲು ಮಾಡಿ. ಆಗ ಒದ್ದಾಡುತ್ತಾರೆ ನೋಡಿ, ಕಲಿಕೆ ಇರುವುದು ಅಲ್ಲೇ. ಕೊನೆಗೆ ಹೇಳಿ: 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ಅದು ಬಿಜೋ ಇಮ್ಯಾನುಯೆಲ್ ಪ್ರಕರಣ. ನನಗೆ ಸಿಕ್ಕ ಪ್ರತಿ ಶಾಲೆಯಲ್ಲೂ ಒಂದಿಬ್ಬರು ಆ ತೀರ್ಪನ್ನು ಒಪ್ಪಿಲ್ಲ. ಒಪ್ಪಲೇಬೇಕು ಅಂತ ನಾನೂ ಹೇಳಿಲ್ಲ.

ನೀವು ತುಮಕೂರಿನವರು ಅಂದಿರಿ, ನಿಮ್ಮೂರಿನದೇ ಒಂದು ಇದೆ. ಮೀರತ್‌ನ ಒಬ್ಬ ಹುಡುಗಿ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಕೇಳಿದಳು. ಆಗ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. ಆಕೆ ಸುಪ್ರೀಂ ಕೋರ್ಟಿಗೆ ಹೋದಳು. 1992ರ ಮೋಹಿನಿ ಜೈನ್ ಪ್ರಕರಣ ಅಂದರೆ ಅದೇ. ಶಿಕ್ಷಣ ಒಂದು ಹಕ್ಕು ಅಂತ ಕೋರ್ಟ್ ಅಂದು ಹೇಳಿತು. ಮರುವರ್ಷ ಇನ್ನೊಂದು ತೀರ್ಪು ಅದನ್ನು 14 ವರ್ಷದ ತನಕ ಅಂತ ಮಿತಿಗೊಳಿಸಿತು. 2002ರಲ್ಲಿ ಸಂವಿಧಾನಕ್ಕೇ ಶಿಕ್ಷಣದ ಹಕ್ಕಿನ 21ಎ ವಿಧಿ ಸೇರಿತು. ನಿಮ್ಮ ಮಕ್ಕಳು ಬಸ್ಸಿನಲ್ಲಿ ಓಡಾಡುವ ಊರಿನ ಹೆಸರು ಆ ದಾರಿಯಲ್ಲಿದೆ ಅಂತ ಗೊತ್ತಾದರೆ ಅವರಿಗೆ ಖುಷಿಯಾಗುತ್ತದೆ.

ಹುಡುಗರಿಗೆ ಬೈಕಿನ ವಿಷಯ ಖಂಡಿತ ಹೇಳಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ 18 ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೋ ಗಾಡಿಯ ಮಾಲೀಕರಿಗೋ 25,000 ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು. ಆ ಹುಡುಗನಿಗೆ 25 ವರ್ಷದ ತನಕ ಲೈಸೆನ್ಸ್ ಸಿಗುವುದಿಲ್ಲ. ಜೊತೆಗೆ ಅವರ ಪರ ಇರುವುದನ್ನೂ ಹೇಳಿ. 18ರ ಒಳಗಿನವರನ್ನು ಏನೇ ಆದರೂ ಲಾಕಪ್ಪಿನಲ್ಲಿ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ವಕೀಲರ ನೆರವು ಉಚಿತ, ಮನೆಯ ಆದಾಯ ಎಷ್ಟೇ ಇರಲಿ. 15100ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ. ಬರೀ ಹೆದರಿಸಿ ಬಂದರೆ ಮಕ್ಕಳು ಕಾನೂನು ಅಂದರೆ ಪೊಲೀಸ್ ಅಂತಲೇ ತಿಳಿಯುತ್ತಾರೆ.

ಮಕ್ಕಳ ಜೊತೆ ಕೆಲಸ ಮಾಡುವವರು, ರಾಯಚೂರು

ಅಕ್ಕ, ಒಂದು ವಿಷಯ ಯಾರೂ ಹೇಳಿಲ್ಲ. ಅದನ್ನು ಮೊದಲೇ ತಿಳಿದುಕೊಳ್ಳಿ. ಹಕ್ಕಿನ ಬಗ್ಗೆ ನೀವು ಮನಸ್ಸು ಬಿಚ್ಚಿ ಮಾತಾಡಿದರೆ, ಯಾವುದೋ ಒಂದು ಮಗು ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತಿರುತ್ತದೆ. ನನಗೆ ಹೀಗಾಗಿದೆ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ, ಅದರ ಬಗ್ಗೆ ಮಾತಾಡಿದ ದಿನ ಒಬ್ಬಳು ಚಪ್ಪಲಿ ಹುಡುಕುವ ನೆಪದಲ್ಲಿ ಹತ್ತು ನಿಮಿಷ ಅಲ್ಲೇ ಇದ್ದಳು. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ" ಅಂದಳು. ನಾನು ಆಣೆ ಮಾಡಿಬಿಟ್ಟೆ. ಮಾಡಬಾರದಿತ್ತು. 2012ರ ಆ ಕಾಯ್ದೆಯಲ್ಲಿ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಆಣೆ ಮುರಿದ ನೋವು ಅವಳಿಗೆ ಇನ್ನೊಂದು ಗಾಯವಾಯಿತು.

ಈಗ ಪಾಠ ಶುರು ಮಾಡುವ ಮೊದಲೇ ಹೇಳುತ್ತೇನೆ: "ನನಗೆ ಏನು ಬೇಕಾದರೂ ಹೇಳಿ, ನಂಬುತ್ತೇನೆ. ಆದರೆ ನಿಮಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ, ಸಹಾಯ ಮಾಡಬಲ್ಲ ಒಬ್ಬಿಬ್ಬರಿಗೆ ನಾನು ತಿಳಿಸಲೇಬೇಕು. ನಿಮ್ಮ ಹೆಸರು ಊರಲ್ಲಿ ಓಡಾಡದ ಹಾಗೆ ನೋಡಿಕೊಳ್ಳುತ್ತೇನೆ." ಇಷ್ಟು ಹೇಳಿದರೂ ಮಕ್ಕಳು ಬರುತ್ತಾರೆ. 1098 ಸಹಾಯವಾಣಿ ನಂಬರನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ.

ಬಾಲ್ಯವಿವಾಹದ ವಿಷಯದಲ್ಲೂ ಹಾಗೇ. ಹುಡುಗಿಗೆ 18, ಹುಡುಗನಿಗೆ 21 ಅಂತ ಎಲ್ಲರಿಗೂ ಗೊತ್ತು. ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದನ್ನು ಹೇಳಿ. ಆದರೆ "ನೀನೇ ಧೈರ್ಯವಾಗಿ ನಿಲ್ಲು" ಅಂತ ಮಗುವನ್ನು ಒಂಟಿಯಾಗಿ ಅಪ್ಪ ಅಮ್ಮನ ಎದುರು ಕಳಿಸಬೇಡಿ. ಅವಳು ಅದೇ ಮನೆಯಲ್ಲಿ ಮಲಗಬೇಕು ಅಲ್ವಾ.

ಪದವಿ ವಿದ್ಯಾರ್ಥಿ, ಹಾಸನ

ನಾನು 19 ವರ್ಷದವನು. ನಮ್ಮೂರಿನ ಮಕ್ಕಳ ಗ್ರಾಮಸಭೆಯಲ್ಲಿ ಎರಡು ವರ್ಷ ಕೂತಿದ್ದೇನೆ. ಮೊದಲ ವರ್ಷ ದೊಡ್ಡವರ ಭಾಷಣ, ಬಿಸ್ಕತ್ತು, ಫೋಟೊ. ಮುಗೀತು. ಎರಡನೇ ವರ್ಷ ನಮ್ಮ ಸರ್ ಒಂದು ವಾರ ಮೊದಲೇ ಬೇಡಿಕೆ ಪಟ್ಟಿ ಮಾಡಿಸಿದರು. ಹೋದ ವರ್ಷದ ಬೇಡಿಕೆಗಳಲ್ಲಿ ಯಾವುದು ಆಗಿದೆ ಅಂತ ಮೊದಲು ಕೇಳಿ ಅಂದರು. ನಾನೇ ಎದ್ದು ಕೇಳಿದೆ, ಕಾಲು ನಡುಗುತ್ತಿತ್ತು. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸರ್ ನಡಾವಳಿ ಪುಸ್ತಕ ತರಿಸಿ ಒಂದೊಂದೇ ಓದಿದರು. ಶಾಲೆ ಮುಂದಿನ ದೀಪ ಆ ವಾರವೇ ಹತ್ತಿತು. ಇನ್ನೊಂದು ಮಾತು, 17 ತುಂಬಿದವರು ಮತದಾರರ ಪಟ್ಟಿಗೆ ಮುಂಗಡವಾಗಿ ಫಾರ್ಮ್ 6 ತುಂಬಬಹುದು. ನಿಮ್ಮಲ್ಲಿ ಪಿಯುಸಿ ಮಕ್ಕಳು ಬಂದರೆ ಕೇಂದ್ರದಲ್ಲೇ ಕೂರಿಸಿ ತುಂಬಿಸಿ.

ಕೇಳಿದವಳು, ಮೂರು ವಾರದ ನಂತರ

ಎಲ್ಲರಿಗೂ ತುಂಬಾ ಧನ್ಯವಾದ. 1098 ಮತ್ತು 15100 ಗೋಡೆ ಮೇಲೆ ಬರೆಸಿದ್ದೇನೆ. ರಾಯಚೂರಿನವರು ಹೇಳಿದ ಮಾತನ್ನು ಕಾಗದದಲ್ಲಿ ಬರೆದುಕೊಂಡು ಓದಿ ಹೇಳಿದೆ. ಆಮೇಲೆ ಚೀಟಿ ಕೊಟ್ಟು "ಯಾವುದು ಸರಿಯಿಲ್ಲ ಅನಿಸುತ್ತೆ, ಹೆಸರು ಬೇಡ, ಬರೀರಿ" ಅಂದೆ. 17 ಚೀಟಿ ಬಂತು. ಬಸ್ಸು ನಿಲ್ಲಿಸಲ್ಲ ಅಂತ ಆರು. ಅಣ್ಣನಿಗೆ ಫೋನ್ ಕೊಡ್ತಾರೆ ನನಗಿಲ್ಲ ಅಂತ ಮೂರು. ಐದು ಚೀಟಿಯಲ್ಲಿ ಒಂದೇ ಮಾತು: ಸಂಜೆ ನಮಗೆ ಬಿಡುವಾಗುವ ಹೊತ್ತಿಗೆ ಅರಿವು ಕೇಂದ್ರ ಬಾಗಿಲು ಹಾಕಿರುತ್ತೆ.

ಅದು ನನ್ನದೇ ಬಾಗಿಲು. ಮೊದಲು ಇದನ್ನೇ ತಗೊಳ್ಳೋಣ ಅಂದೆ. ಸಮಯ ಬದಲಿಸಲು ಪಂಚಾಯ್ತಿಗೆ ಅರ್ಜಿ ಕೊಡಬೇಕು. ನಾನು ಬರೆದುಕೊಡ್ತೀನಿ ಅಂದರೆ ಬೇಡ ಅಂದರು. ಈಗ ಒಳಗಿನ ಮೇಜಿನ ಸುತ್ತ ಕೂತು ಬರೀತಿದ್ದಾರೆ. ಒಬ್ಬ ಹುಡುಗ ಪದ ಎಣಿಸುತ್ತಿದ್ದಾನೆ. ಈ ಅರ್ಜಿಗೆ 150ರ ಮಿತಿ ಇಲ್ಲ ಕಣೋ ಅಂದೆ, ಆದರೂ ಎಣಿಸುತ್ತಿದ್ದಾನೆ.