ಪಾರ್ಷಿಯಲ್ ಹಲ್ಲಿನ ಸೆಟ್: ರಾತ್ರಿ ತೆಗೆದ ಮೇಲೆ ಹೇಗೆ ಇಡಬೇಕು?

ಪ್ರಶ್ನೆ

ಅಮ್ಮನಿಗೆ ಎರಡು ಪಾರ್ಷಿಯಲ್ ಸೆಟ್ (ಹೋದ ಕೆಲವು ಹಲ್ಲುಗಳ ಜಾಗಕ್ಕೆ ಹಾಕಿ ತೆಗೆಯುವ ಕೃತಕ ಹಲ್ಲು) ಇವೆ. ಮೇಲಿನದು ಗುಲಾಬಿ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್), ಕೆಳಗಿನದು ಲೋಹದ ಪಟ್ಟಿ ಮತ್ತು ಕೊಕ್ಕೆ ಇರುವಂಥದ್ದು. ರಾತ್ರಿ ತೆಗೆದು ಟಿಶ್ಯೂ ಪೇಪರಿನಲ್ಲಿ ಸುತ್ತಿಡುತ್ತಾರೆ. ಬೆಳಿಗ್ಗೆ ಮೇಲಿನದು ಸರಿಯಾಗಿ ಕೂರುವುದಿಲ್ಲ ಅನ್ನುತ್ತಾರೆ. ಬೋರ್‌ವೆಲ್ ನೀರಿಗೆ ಸೆಟ್ಟಿನ ಮೇಲೆ ಬಿಳಿ ಪದರ ಬೇರೆ ಕಟ್ಟುತ್ತಿದೆ. ನೀರಲ್ಲಿ ಇಡಬೇಕೇ? ಸೆಟ್ ಶುಚಿ ಮಾಡುವ ಮಾತ್ರೆ ಹಾಕಬೇಕೇ?

ಉತ್ತರ 1 (ದಂತವೈದ್ಯೆ)

ಟಿಶ್ಯೂ ಇವತ್ತೇ ನಿಲ್ಲಿಸಿ. ಅಕ್ರಿಲಿಕ್ ನೀರು ಹೀರಿಕೊಂಡ ಸ್ಥಿತಿಯಲ್ಲೇ ಅಳತೆಗೆ ಸರಿಯಾಗಿರುತ್ತದೆ. ಒಣಗಿದರೆ ಅಳತೆ ಕೊಂಚ ಬದಲಾಗುತ್ತದೆ, ಬೆಳಿಗ್ಗೆ ಕೂರದಿರಲು ಅದೂ ಕಾರಣವಿರಬಹುದು. ಜೊತೆಗೆ, ಟಿಶ್ಯೂನಲ್ಲಿ ಸುತ್ತಿದ ಸೆಟ್ ಕಸದ ಬುಟ್ಟಿ ಸೇರುವುದು ತೀರಾ ಸಾಮಾನ್ಯ. ಮುಚ್ಚಳವಿರುವ ಡಬ್ಬಿ ತೆಗೆದುಕೊಂಡು, ಸೆಟ್ ಪೂರ್ತಿ ಮುಳುಗುವಷ್ಟು ತಣ್ಣೀರು ಹಾಕಿ. ನೀರನ್ನು ದಿನಾ ಬದಲಿಸಿ, ಡಬ್ಬಿಯನ್ನೂ ಸೋಪು ಹಾಕಿ ತೊಳೆಯಿರಿ. ಇಲ್ಲದಿದ್ದರೆ ಒಳಗೋಡೆಗೆ ಲೋಳೆ ಕಟ್ಟಿ, ತೊಳೆದ ಸೆಟ್ಟಿಗೇ ಅಂಟುತ್ತದೆ.

ನೀರಲ್ಲಿ ಮುಳುಗಿಸಿದ ಮಾತ್ರಕ್ಕೆ ಸೆಟ್ ಶುಚಿಯಾಗುವುದಿಲ್ಲ, ಮೊದಲು ಉಜ್ಜಲೇಬೇಕು. ಬೇಸಿನ್ನಿನಲ್ಲಿ ನೀರು ತುಂಬಿ ಅಥವಾ ಮಡಿಸಿದ ಟವೆಲ್ ಹಾಸಿ, ಅದರ ಮೇಲೆಯೇ ಹಿಡಿದು ತೊಳೆಯಿರಿ. ಕೈ ಜಾರಿ ಬಿದ್ದರೂ ಮುರಿಯುವುದಿಲ್ಲ. ಮೃದು ಬ್ರಷ್, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಟೂತ್‌ಪೇಸ್ಟ್ ಬೇಡ: ಅದರ ತರಿ ಅಕ್ರಿಲಿಕ್ಕಿನಲ್ಲಿ ಸಣ್ಣ ಗೀರು ಮಾಡುತ್ತದೆ, ಶಿಲೀಂಧ್ರ ಅಲ್ಲೇ ನೆಲೆಯೂರುತ್ತದೆ. ವಸಡಿಗೆ ತಾಗುವ ಒಳಮೈ ಮತ್ತು ಕೊಕ್ಕೆಯ ಒಳತಿರುವನ್ನೇ ಹೆಚ್ಚಿನವರು ಮರೆಯುತ್ತಾರೆ.

ಹಾಗೆಯೇ ಕೊಕ್ಕೆ ಹಿಡಿಯುವ ಸ್ವಂತ ಹಲ್ಲುಗಳು. ಅವು ಹುಳುಕಾದರೆ ಸೆಟ್ಟಿಗೆ ಆಧಾರವೇ ಹೋಯಿತು. ಸೆಟ್ ತೆಗೆದ ಮೇಲೆ ಫ್ಲೋರೈಡ್ ಪೇಸ್ಟಿನಿಂದ ಆ ಹಲ್ಲುಗಳನ್ನು ಸುತ್ತಲೂ ಉಜ್ಜಲಿ.

ಉತ್ತರ 2 (ಡೆಂಟಲ್ ಲ್ಯಾಬ್ ತಂತ್ರಜ್ಞ)

ಎರಡು ಸೆಟ್ಟಿನ ವಸ್ತು ಬೇರೆ, ಹಾಗಾಗಿ ಡಬ್ಬಿಯೂ ಬೇರೆ ಇರಲಿ. ಒಂದರಲ್ಲೇ ಹಾಕಿದರೆ ಕೊಕ್ಕೆಗಳು ಸಿಕ್ಕಿಕೊಂಡು ಬಾಗುತ್ತವೆ.

ಬಿಳಿ ಪದರ ಗಡಸು ನೀರಿನ ಸುಣ್ಣ. ಅಕ್ರಿಲಿಕ್ ಸೆಟ್ಟಿಗಾದರೆ ಬಿಳಿ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ, ಅರ್ಧ ಗಂಟೆ ಇಟ್ಟು, ಉಜ್ಜಿ ತೊಳೆಯಿರಿ. ಲೋಹದ್ದನ್ನು ಅದರಲ್ಲಿ ಹಾಕಬೇಡಿ; ಗಟ್ಟಿ ಪದರವಿದ್ದರೆ ಕ್ಲಿನಿಕ್ಕಿನ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಬಿಡಿಸಬಹುದು. ಚಾಕು, ಪಿನ್ನಿನಿಂದ ಕೆರೆಯಲೇಬಾರದು. ಮುಂದೆ ಪದರ ಕಟ್ಟದಿರಲು ಆರ್‌ಓ ನೀರು ಅಥವಾ ಕುದಿಸಿ, ಪೂರ್ತಿ ಆರಿಸಿ, ಸೋಸಿದ ನೀರು ಬಳಸಿ. ಬಿಸಿ ಇರುವಾಗಲೇ ಸೆಟ್ ಹಾಕಿದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ, ಅದು ಮತ್ತೆ ನೆಟ್ಟಗಾಗುವುದಿಲ್ಲ.

ಬಟ್ಟೆಯ ಬ್ಲೀಚ್ ಲೋಹವನ್ನು ಕಪ್ಪಾಗಿಸಿ ತಿನ್ನುತ್ತದೆ. ನೊರೆ ಬರುವ ಮಾತ್ರೆ ಕೊಂಡರೆ, ಪ್ಯಾಕೆಟ್ಟಿನ ಮೇಲೆ ಲೋಹದ ಸೆಟ್ಟಿಗೂ ಆಗುತ್ತದೆ ಎಂದು ಬರೆದಿದೆಯೇ ನೋಡಿ. ಅದರಲ್ಲಿ ಹೇಳಿದಷ್ಟೇ ಉಗುರುಬೆಚ್ಚನೆಯ ನೀರು, ಅಷ್ಟೇ ಹೊತ್ತು. ಆಮೇಲೆ ಮತ್ತೊಮ್ಮೆ ಉಜ್ಜಿ, ಚೆನ್ನಾಗಿ ತೊಳೆದು, ಸಾದಾ ನೀರಿಗೆ ಹಾಕಿ. ಮಾತ್ರೆ ಅಮ್ಮನ ಗುಳಿಗೆಗಳ ಪಕ್ಕದಲ್ಲಿ ಇರಬಾರದು, ನುಂಗಿದರೆ ಅಪಾಯ.

ತೆಗೆಯುವಾಗ ಎರಡೂ ಕಡೆಯ ಕೊಕ್ಕೆಗೆ ಉಗುರು ಕೊಟ್ಟು ಸಮನಾಗಿ ಎತ್ತಬೇಕು. ಹಾಕುವಾಗ ಬೆರಳಿನಿಂದ ಒತ್ತಿ ಕೂರಿಸಬೇಕು. ಕಚ್ಚಿ ಕೂರಿಸಿದರೆ ಕೊಕ್ಕೆ ಬಾಗಬಹುದು.

ಪ್ರಶ್ನೆ ಕೇಳಿದವರು

ಧನ್ಯವಾದ. ಮೇಲಿನದನ್ನು ಹಾಕಿಕೊಂಡೇ ಮಲಗುತ್ತೇನೆ, ತೆಗೆದಿಟ್ಟರೆ ಹಲ್ಲು ಸರಿಯುತ್ತದೆ ಎಂದು ಅಮ್ಮ ಹಟ ಮಾಡುತ್ತಿದ್ದಾರೆ. ಅಂಗುಳ ಸ್ವಲ್ಪ ಕೆಂಪಾಗಿದೆ.

ಉತ್ತರ 3 (ದಂತವೈದ್ಯೆ)

ಒಂದು ರಾತ್ರಿಗೆ ಹಲ್ಲು ಸರಿಯುವುದಿಲ್ಲ. ವಾರಗಟ್ಟಲೆ ಹಾಕದೇ ಬಿಟ್ಟರೆ ಸರಿಯಬಹುದು. ವಸಡಿಗೆ ದಿನಕ್ಕೆ 6ರಿಂದ 8 ಗಂಟೆ ಬಿಡುವು ಬೇಕು. ಹಲ್ಲು ಕಿತ್ತ ದಿನವೇ ಕೂರಿಸಿದ ಸೆಟ್ಟಿಗೆ ಮಾತ್ರ ಮೊದಲ 24 ಗಂಟೆ ತೆಗೆಯಬೇಡಿ ಎನ್ನುತ್ತೇವೆ. ಒಂದೆರಡು ಹಲ್ಲಿನ ಪುಟ್ಟ ಸೆಟ್ ಆಗಿದ್ದರೆ ನಿದ್ದೆಯಲ್ಲಿ ಗಂಟಲಿಗೆ ಜಾರುವ ಭಯವೂ ಇದೆ, ಸಾಮಾನ್ಯ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಿಸುವುದೂ ಇಲ್ಲ.

ಕೆಂಪು ಜಾಗ ಪ್ಲೇಟಿನ ಆಕಾರದಲ್ಲೇ ಇದ್ದರೆ ಕ್ಯಾಂಡಿಡಾ ಶಿಲೀಂಧ್ರದ ಸೋಂಕಿರಬಹುದು. ನೋವಿಲ್ಲವೆಂದು ಬಿಡಬೇಡಿ, ಈ ವಾರವೇ ತೋರಿಸಿ, ಸೆಟ್ಟನ್ನೂ ಒಯ್ಯಿರಿ. ಬಾಯಿಗೆ ಔಷಧ ಹಚ್ಚಿ ಸೆಟ್ಟನ್ನು ಹಾಗೇ ಬಿಟ್ಟರೆ ಸೋಂಕು ಮರಳಿ ಬರುತ್ತದೆ. ಸೆಟ್ ಸಡಿಲವಾಗಿ ಉಜ್ಜುತ್ತಿದ್ದರೂ ಹೀಗೆ ಕೆಂಪಾಗುತ್ತದೆ, ಅದನ್ನು ಬಾಯಲ್ಲಿ ಕೂರಿಸಿ ನೋಡಿಯೇ ಹೇಳಬೇಕು.